ತೋಟದ ಇಳಿಜಾರು, ಡಬ್ಬಿಯೊಳಗಿನ ಚೀಟಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನ ಸೋದರಮಾವನ ಅಡಕೆ ತೋಟ ಮೂರು ತಟ್ಟುಗಳಲ್ಲಿದೆ. ಕೆಳಗೆ ನೀರು ಹರಿಯುವ ತೋಡಿನ ಬದಿಯಲ್ಲಿ ಬೈಲು, ಅದರ ಮೇಲೆ ಮಜಲು, ಎಲ್ಲಕ್ಕಿಂತ ಮೇಲೆ ಮುರಕಲ್ಲು ಕಡಿದು ಸಮ ಮಾಡಿದ ಬೆಟ್ಟು. ಕೆಲವು ವರ್ಷಗಳ ಹಿಂದೆ ಮಹಾಳಿಗೆ, ಅಂದರೆ ಕೊಳೆರೋಗಕ್ಕೆ, ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣದ ಬದಲಿಗೆ ಬಿಡಬಹುದಾದ ಹೊಸ ಮದ್ದೊಂದನ್ನು ಯಾರೋ ಮನೆ ಬಾಗಿಲಿಗೇ ತಂದುಕೊಟ್ಟರು. ಮಾವ ಯಾವುದನ್ನೂ ಸುಲಭಕ್ಕೆ ನಂಬುವವರಲ್ಲ. ಪರೀಕ್ಷೆ ಮಾಡಿಯೇ ನೋಡೋಣವೆಂದು ಬೈಲಿಗೂ ಮಜಲಿಗೂ ಎಂದಿನಂತೆ ಮೈಲುತುತ್ತು-ಸುಣ್ಣದ ಮದ್ದನ್ನು ಬಿಡಿಸಿ, ಬೆಟ್ಟಿನ ಮರಗಳಿಗೆ ಮಾತ್ರ ಹೊಸದನ್ನು ಬಿಡಿಸಿದರು. ಮಳೆಗಾಲದ ಆಟಿ ತಿಂಗಳು ಕಳೆಯುವಷ್ಟರಲ್ಲಿ ನೋಡಿದರೆ ಬೆಟ್ಟಿನಲ್ಲಿ ಉದುರಿದ ಕಾಯಿ ಬಹಳ ಕಡಿಮೆ. ಮರುವರ್ಷ ತೋಟವಿಡೀ ಹೊಸ ಮದ್ದೇ ಆಯಿತು. ಬೈಲಿನಲ್ಲಿ ಹೆಕ್ಕಿ ಮುಗಿಯದಷ್ಟು ಕೊಳೆತ ಕಾಯಿ.

ಹೊಸ ಮದ್ದು ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ಆ ಎರಡು ವರ್ಷಗಳ ಅನುಭವ ಯಾವ ಉತ್ತರವನ್ನೂ ಕೊಡಲಾರದು. ಕೊಳೆರೋಗ ತರುವ ಫೈಟೋಫ್ತೊರ ಎಂಬ ಜೀವಿಗೆ ಬೇಕಾದದ್ದು ಬಿಡದ ಮಳೆ, ತಂಪು ಮತ್ತು ಆರದ ತೇವ. ಬಿಸಿಲು ಬೀಳದ, ಗಾಳಿಯಾಡದ ಬೈಲಿನಲ್ಲಿ ಅದಕ್ಕೆ ಹಬ್ಬ. ಗಾಳಿಗೆ ತೆರೆದುಕೊಂಡ ಬೆಟ್ಟಿನಲ್ಲಿ ಮಳೆ ನಿಂತೊಡನೆ ಗೊನೆ ಒಣಗುತ್ತದೆ. ಆದ್ದರಿಂದ ಮೊದಲ ವರ್ಷ ಮಾವ ಹೋಲಿಸಿದ್ದು ಎರಡು ಮದ್ದುಗಳನ್ನೋ, ಬೆಟ್ಟು-ಬೈಲುಗಳನ್ನೋ ಎಂದು ಯಾರೂ ಬಿಡಿಸಿ ಹೇಳುವಂತಿಲ್ಲ. ಎರಡು ಕಾರಣಗಳು ಹೀಗೆ ಹಗ್ಗದ ಎಳೆಗಳಂತೆ ಹೊಸೆದುಕೊಂಡ ಮೇಲೆ ಎಂತಹ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೂ ಅವು ಬೇರೆಯಾಗುವುದಿಲ್ಲ. ಅವುಗಳನ್ನು ಬೇರೆಯಾಗಿ ಇಡುವ ಕೆಲಸ ಮದ್ದು ಕಲಸುವ ಮೊದಲೇ ನಡೆಯಬೇಕು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಪ್ರಯೋಗ ವಿನ್ಯಾಸ ಎನ್ನುತ್ತಾರೆ.

ಈ ಶಾಸ್ತ್ರ ಹುಟ್ಟಿದ್ದೂ ಹೊಲದಲ್ಲಿಯೇ. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರವಾದ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಗೊಬ್ಬರದ ಪ್ರಯೋಗಗಳು ನಡೆಯುತ್ತಿದ್ದವು. 1919ರಲ್ಲಿ ಅಲ್ಲಿಗೆ ಕೆಲಸಕ್ಕೆ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಕಡತಗಳಲ್ಲಿ ರಾಶಿಬಿದ್ದಿದ್ದ ದಶಕಗಳ ಅಂಕಿಗಳನ್ನು ಜಾಲಾಡಿ, ಮಣ್ಣಿನ ಏರುಪೇರು, ಮಳೆ, ಕಳೆ ಇವೆಲ್ಲ ಇಳುವರಿಯನ್ನು ಎಷ್ಟೆಷ್ಟು ಅಲುಗಿಸುತ್ತವೆ ಎಂಬುದನ್ನು ಕಂಡರು. 1926ರ ಒಂದು ಲೇಖನದಲ್ಲೂ 1935ರಲ್ಲಿ ಹೊರತಂದ ಪುಸ್ತಕದಲ್ಲೂ ಅವರು ಮೂರು ಉಪಾಯಗಳನ್ನು ಒಟ್ಟಿಗೆ ಕಟ್ಟಿಕೊಟ್ಟರು: ಒಂದೇ ಪರೀಕ್ಷೆಯನ್ನು ಹಲವು ತುಂಡುಗಳಲ್ಲಿ ಮತ್ತೆ ಮತ್ತೆ ಮಾಡುವುದು, ಒಂದೇ ಬಗೆಯ ತುಂಡುಗಳನ್ನು ಬ್ಲಾಕುಗಳಾಗಿ ಗುಂಪು ಮಾಡುವುದು, ಪ್ರತಿ ಬ್ಲಾಕಿನೊಳಗೆ ಯಾವ ತುಂಡಿಗೆ ಯಾವುದು ಎಂಬುದನ್ನು ಚೀಟಿಗೆ ಬಿಡುವುದು. ಮೊದಲನೆಯದನ್ನು ಎಲ್ಲರೂ ಒಪ್ಪುತ್ತಾರೆ. ಉಳಿದೆರಡು ಒಂದಕ್ಕೊಂದು ವಿರುದ್ಧವೆಂದು ಕಂಡರೂ ಜೋಡಿಯಾಗಿಯೇ ಕೆಲಸ ಮಾಡುತ್ತವೆ, ಹೇಗೆಂದರೆ ತೋಟದ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಬ್ಲಾಕಿನಲ್ಲಿ ಸಲ್ಲುತ್ತದೆ, ಗೊತ್ತಿಲ್ಲದ್ದನ್ನು ಚೀಟಿ ನೋಡಿಕೊಳ್ಳುತ್ತದೆ.

ಬ್ಲಾಕೆಂಬುದು ನಮ್ಮ ಕಡೆಯ ಕೃಷಿಕರಿಗೆ ಹೊಸ ವಿಷಯವೇ ಅಲ್ಲ. ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ ಹಿರಿಯರು ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಬಸಿದುಹೋಗುತ್ತದೆ ಎಂಬುದನ್ನು ನೋಡಿಯೇ ವಿಂಗಡಿಸಿದ್ದಾರೆ. ಮಾವ ಮಾಡಬೇಕಾಗಿದ್ದದ್ದು ಇಷ್ಟೇ: ಮೂರು ತಟ್ಟಿನಲ್ಲಿಯೂ ಎರಡೂ ಮದ್ದುಗಳನ್ನು ಬಿಡಿಸುವುದು. ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ಬೈಲಿನಲ್ಲಿ ಹಳೆ ಮದ್ದು ಬಿಟ್ಟ ಮರವೊಂದಕ್ಕೆ ಸರಾಸರಿ 60 ಕಾಯಿ ಉದುರಿತು, ಹೊಸ ಮದ್ದಿನದಕ್ಕೆ 52. ಮಜಲಿನಲ್ಲಿ 35 ಮತ್ತು 29. ಬೆಟ್ಟಿನಲ್ಲಿ 12 ಮತ್ತು 7. ತಟ್ಟುಗಳ ಗೊಡವೆಗೆ ಹೋಗದೆ ಆರು ಅಂಕಿಗಳನ್ನು ಒಟ್ಟಿಗೆ ನೋಡಿದರೆ 7ರಿಂದ 60ರವರೆಗೆ ಹರಡಿದ ಆ ಗಲಿಬಿಲಿಯಲ್ಲಿ ಎರಡು ಮದ್ದುಗಳ ಸರಾಸರಿಗಳ ನಡುವಿನ ಆರೇಳು ಕಾಯಿಗಳ ವ್ಯತ್ಯಾಸ ಮುಳುಗಿಯೇ ಹೋಗುತ್ತದೆ. ಒಂದೊಂದು ತಟ್ಟಿನೊಳಗೆ ಮಾತ್ರ ಹೋಲಿಸಿದರೆ ಅಂತರ 8, 6, 5 ಎಂದು ಒಂದೇ ದಿಕ್ಕಿಗೆ ನಿಲ್ಲುತ್ತದೆ. ಇಳಿಜಾರು ಎಲ್ಲಿಗೂ ಹೋಗಲಿಲ್ಲ. ಕಳೆಯುವ ಲೆಕ್ಕದಲ್ಲಿ ಎರಡೂ ಕಡೆಯಿಂದ ಹೊರಟುಹೋಯಿತು.

ಬ್ಲಾಕು ನೆಲದ ತುಂಡೇ ಆಗಬೇಕೆಂದೇನೂ ಇಲ್ಲ. ಶೇಕಡಾ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕಲಸಿದ ದಿನವೇ ಅದನ್ನು ಬಿಟ್ಟು ಮುಗಿಸಬೇಕು. ಸುಣ್ಣ ಹಳತಾಗಿದ್ದರೆ ಪಾಕ ಕೆಡುತ್ತದೆ, ಅದ್ದಿದ ಕಬ್ಬಿಣದ ಕತ್ತಿಗೆ ತಾಮ್ರದ ಕೆಂಪು ಹಿಡಿಯುತ್ತದೆ. ಒಂದು ಬ್ಯಾರಲಿನಂತೆ ಇನ್ನೊಂದು ಇರುವುದಿಲ್ಲ. ಮಿಥುನ ಮಾಸದಲ್ಲಿ ಒಂದು ದಿನ ಬಿಸಿಲು ಬಂದರೆ ಮೂರು ದಿನ ಜಡಿಮಳೆ, ಮರ ಹತ್ತುವವರು ಇಂದು ಒಬ್ಬರು, ನಾಳೆ ಇನ್ನೊಬ್ಬರು. ಹೊಸ ಮದ್ದನ್ನೆಲ್ಲ ಸೋಮವಾರ ಬಿಡಿಸಿ ಹಳೆಯದನ್ನೆಲ್ಲ ಗುರುವಾರ ಬಿಡಿಸಿದರೆ ಹೋಲಿಕೆಯೊಳಗೆ ಆ ಮೂರು ದಿನದ ಮಳೆಯೂ ಸೇರಿತು. ಒಂದು ಬ್ಲಾಕಿನ ಎರಡೂ ತುಂಡುಗಳಿಗೆ ಒಂದೇ ದಿನ ಒಬ್ಬರೇ ಮದ್ದು ಬಿಟ್ಟರೆ ದಿನವೂ ಆಳೂ ಬ್ಲಾಕಿನೊಳಗೆ ಅಡಗುತ್ತಾರೆ.

ಇಷ್ಟೆಲ್ಲ ಜಾಗ್ರತೆ ಮಾಡಿದ ಮೇಲೆ ಚೀಟಿ ಯಾಕೆ, ಒಂದೊಂದು ತಟ್ಟಿನಲ್ಲಿ ಎಡದ ಅರ್ಧ ಹಳೆಯದು, ಬಲದ ಅರ್ಧ ಹೊಸದು ಎಂದರಾಗದೇ? ಆಗದು. ಎಡಬದಿಯ ಗುಡ್ಡೆಯ ನೆರಳು ಮೂರು ತಟ್ಟಿನ ಮೇಲೂ ಬೀಳುತ್ತಿರಬಹುದು. ಅಜ್ಜನ ಕಾಲದಲ್ಲಿ ದನದ ಹಟ್ಟಿ ಇದ್ದದ್ದು ಬಲಕ್ಕಿರಬಹುದು, ಅಲ್ಲಿನ ಮಣ್ಣು ಇಂದಿಗೂ ಕೊಬ್ಬಿರಬಹುದು. ನಾವು ಪಟ್ಟಿ ಮಾಡಿದ ಕಾರಣಗಳಿಗೆ ಬ್ಲಾಕು ಸಾಕು, ಪಟ್ಟಿಗೆ ಬಾರದವು ಯಾವಾಗಲೂ ಉಳಿದಿರುತ್ತವೆ. ಶಬರಿಮಲೆಯ ಮೇಲ್‌ಶಾಂತಿಯನ್ನು, ಅಂದರೆ ಮುಖ್ಯ ಅರ್ಚಕರನ್ನು, ಆರಿಸುವ ಕ್ರಮ ನಮ್ಮವರಿಗೆಲ್ಲ ಗೊತ್ತು. ಮಂತ್ರ, ತಂತ್ರ, ಅನುಭವ ಎಲ್ಲವನ್ನೂ ವಿಚಾರಿಸಿ ಯೋಗ್ಯರ ಪಟ್ಟಿ ಮಾಡುತ್ತಾರೆ, ಕೊನೆಗೆ ಮಗುವಿನ ಕೈಯಲ್ಲಿ ಚೀಟಿ ಎತ್ತಿಸುತ್ತಾರೆ. ವಿಚಾರಣೆ ನಡೆಯುವವರೆಗೆ ವಿಚಾರಣೆ, ಅದರಾಚೆಗೆ ಯಾರ ಕೈವಾಡಕ್ಕೂ ಎಡೆಯಿಲ್ಲದ ಚೀಟಿ. ಅಲ್ಲಿ ಅದನ್ನು ಸರಿಯೆಂದು ಒಪ್ಪುವ ನಾವು ತೋಟದ ಪರೀಕ್ಷೆಯಲ್ಲಿ ಚೀಟಿಯೆಂದರೆ ಮಕ್ಕಳಾಟವೆಂದು ನಗುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಕೈಯನ್ನು ದೂರವಿಡುವುದು ಎಷ್ಟು ಕಷ್ಟವೆಂಬುದಕ್ಕೆ ಸ್ಕಾಟ್ಲೆಂಡಿನ ಲ್ಯಾನರ್ಕ್‌ಶೈರಿನಲ್ಲಿ 1930ರಲ್ಲಿ ನಡೆದ ಹಾಲಿನ ಪ್ರಯೋಗ ಸಾಕ್ಷಿ. ಶಾಲೆಯಲ್ಲಿ ದಿನವೂ ಹಾಲು ಕೊಟ್ಟರೆ ಮಕ್ಕಳ ಬೆಳವಣಿಗೆ ಹೆಚ್ಚುತ್ತದೆಯೇ ಎಂದು ನೋಡುವುದಕ್ಕಾಗಿ ಸುಮಾರು 20,000 ಮಕ್ಕಳನ್ನು ಸೇರಿಸಿಕೊಂಡರು. ಅರ್ಧಕ್ಕರ್ಧ ಮಕ್ಕಳಿಗೆ ನಾಲ್ಕು ತಿಂಗಳು ಹಾಲು, ಉಳಿದವರಿಗೆ ಇಲ್ಲ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿಯಿಂದಲೋ ಅಕ್ಷರಮಾಲೆಯ ಕ್ರಮದಿಂದಲೋ ನಿರ್ಧರಿಸಬೇಕಿತ್ತು. ಆದರೆ ಒಂದು ಗುಂಪಿನಲ್ಲಿ ಪುಷ್ಟಿಯಾದ ಮಕ್ಕಳು ಅಥವಾ ಬಡಕಲು ಮಕ್ಕಳು ತೀರಾ ಹೆಚ್ಚಾಗಿ ಬಂದಂತೆ ಕಂಡರೆ ಒಂದಿಷ್ಟು ಅದಲುಬದಲು ಮಾಡಬಹುದೆಂದು ಅಧ್ಯಾಪಕರಿಗೆ ಸಡಿಲಿಕೆ ಕೊಟ್ಟಿದ್ದರು. ಹಸಿದ ಮಗುವಿಗೆ ಹಾಲು ಸಿಗಲಿ ಎಂದು ಯಾವ ಅಧ್ಯಾಪಕರಿಗೆ ಅನ್ನಿಸುವುದಿಲ್ಲ? ಕೊನೆಗೆ ನೋಡಿದರೆ, ಹಾಲಿಲ್ಲದ ಗುಂಪಿನ ಮಕ್ಕಳು ಪ್ರಯೋಗ ಶುರುವಾಗುವ ದಿನವೇ ಎತ್ತರದಲ್ಲೂ ತೂಕದಲ್ಲೂ ಮುಂದಿದ್ದರು. ಮರುವರ್ಷ ಇದನ್ನು ಬಿಚ್ಚಿಟ್ಟವರು ಗಿನ್ನೆಸ್ ಬಿಯರ್ ಕಂಪೆನಿಯಲ್ಲಿ ಕೆಲಸಮಾಡುತ್ತ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದ ವಿಲಿಯಂ ಗಾಸೆಟ್. ಅವರು ಹಿಡಿದ ಇನ್ನೊಂದು ಹುಳುಕು ಸೊಗಸಾದದ್ದು. ಮಕ್ಕಳನ್ನು ಬಟ್ಟೆಯೊಂದಿಗೇ ತೂಗಿದ್ದರು, ಮೊದಲ ಸಲ ಚಳಿಗಾಲದಲ್ಲಿ, ಎರಡನೆಯ ಸಲ ಬೇಸಿಗೆಯಲ್ಲಿ. ಉಳ್ಳವರ ಮನೆಯ ಮಗು ದಪ್ಪ ಕೋಟು ಕಳಚಿ ಬಂದಾಗ ತೂಕದಲ್ಲಿ ಕಳೆದುಕೊಳ್ಳುವಷ್ಟನ್ನು, ಮೊದಲೇ ಕೋಟಿಲ್ಲದ ಬಡ ಮಗು ಕಳೆದುಕೊಳ್ಳುವುದಿಲ್ಲ. ಇಷ್ಟು ದೊಡ್ಡ ಸಂಖ್ಯೆಯ ಬದಲು ಏಕರೂಪಿ ಅವಳಿಗಳ 50 ಜೋಡಿಗಳನ್ನು ಹಿಡಿದು, ಜೋಡಿಯಲ್ಲಿ ಯಾರಿಗೆ ಹಾಲೆಂದು ನಾಣ್ಯ ಚಿಮ್ಮಿ ತೀರ್ಮಾನಿಸಿದ್ದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ತಿಳಿಯುತ್ತಿತ್ತು ಎಂದರು ಗಾಸೆಟ್. ಅವಳಿ ಜೋಡಿಯೆಂದರೆ ಇಬ್ಬರೇ ಇರುವ ಬ್ಲಾಕು.

1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಕ್ಷಯರೋಗದ ಪ್ರಯೋಗ ಈ ಪಾಠವನ್ನು ಕಲಿತಿತ್ತು. ಸ್ಟ್ರೆಪ್ಟೊಮೈಸಿನ್ ಎಂಬ ಮದ್ದು ಯಾರಿಗೆ ಎಂಬುದನ್ನು ಪ್ರತಿ ಆಸ್ಪತ್ರೆಗೆ, ಅದರಲ್ಲೂ ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆಯಾಗಿ, ಚೀಟಿ ಎತ್ತಿದಂತೆ ಬರುವ ಯಾದೃಚ್ಛಿಕ ಸಂಖ್ಯೆಗಳಿಂದ ಗೊತ್ತುಮಾಡಿ ಮುಚ್ಚಿದ ಲಕೋಟೆಗಳಲ್ಲಿ ಇಟ್ಟಿದ್ದರು. ರೋಗಿಯನ್ನು ಸೇರಿಸಿಕೊಂಡ ಮೇಲೆಯೇ ಲಕೋಟೆ ಒಡೆಯಬೇಕು. ಅದರಲ್ಲಿದ್ದವರು 107 ರೋಗಿಗಳು ಮಾತ್ರ.

ಚೀಟಿಗೆ ಇನ್ನೊಂದು ಉಪಯೋಗವಿದೆ, ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ಆರು ಬ್ಲಾಕುಗಳಲ್ಲಿ ಎರಡೆರಡು ತುಂಡುಗಳಿಗೆ ಚೀಟಿ ಎತ್ತಿದರೆ ಒಟ್ಟು 64 ವಿಧದ ಹಂಚಿಕೆಗಳು ಸಾಧ್ಯ, ಎಲ್ಲವೂ ಸಮಾನ ಸಂಭವದವು. ಎರಡು ಮದ್ದುಗಳಲ್ಲಿ ನಿಜಕ್ಕೂ ಏನೂ ವ್ಯತ್ಯಾಸವಿಲ್ಲದಿದ್ದರೆ, ಆರಕ್ಕೆ ಆರೂ ಬ್ಲಾಕಿನಲ್ಲಿ ಹೊಸದೇ ಮೇಲಾಗಿ ಕಾಣುವುದು ಆ 64ರಲ್ಲಿ ಒಂದೇ ಒಂದು ಹಂಚಿಕೆಗೆ. ಕನಿಷ್ಠ ಐದರಲ್ಲಿ ಮೇಲಾಗುವುದು 7 ಹಂಚಿಕೆಗಳಿಗೆ, ಅಂದರೆ ಸುಮಾರು ಒಂಬತ್ತಕ್ಕೊಂದು; ಅಷ್ಟನ್ನು ನಂಬಿ ತೋಟ ಬಿಟ್ಟುಕೊಡಲು ನಾನಂತೂ ಸಿದ್ಧನಿಲ್ಲ. ಈ ಲೆಕ್ಕ ಮಣ್ಣಿನ ಬಗ್ಗೆಯಾಗಲಿ ಮಳೆಯ ಬಗ್ಗೆಯಾಗಲಿ ಯಾವ ಊಹೆಯನ್ನೂ ಕೇಳುವುದಿಲ್ಲ. ಚೀಟಿ ಪ್ರಾಮಾಣಿಕವಾಗಿ ಎತ್ತಿದ್ದು ಹೌದೇ ಎಂದಷ್ಟೇ ಕೇಳುತ್ತದೆ. ಚಾರ್ಲ್ಸ್ ಡಾರ್ವಿನ್ ಮೆಕ್ಕೆಜೋಳದ ಗಿಡಗಳಲ್ಲಿ ಪರಕೀಯ ಪರಾಗದಿಂದಾದವನ್ನೂ ಸ್ವಕೀಯ ಪರಾಗದಿಂದಾದವನ್ನೂ ಜೋಡಿ ಜೋಡಿಯಾಗಿ ಕುಂಡಗಳಲ್ಲಿ ಬೆಳೆಸಿ 15 ಜೋಡಿಗಳನ್ನು ಅಳೆದಿದ್ದರು. 13ರಲ್ಲಿ ಪರಕೀಯವೇ ಎತ್ತರ. ಬ್ಲಾಕಿನ ಮಟ್ಟಿಗೆ ಅದು ಚೊಕ್ಕ ಕೆಲಸ. 1935ರ ಪುಸ್ತಕದಲ್ಲಿ ಫಿಶರ್ ಆ ಅಂಕಿಗಳನ್ನೇ ಎತ್ತಿಕೊಂಡು, ಸಾಧ್ಯವಿರುವ 32,768 ಹಂಚಿಕೆಗಳ ಲೆಕ್ಕವನ್ನು ಮಾಡಿ ತೋರಿಸಿದರು. ಜೋಡಿಯೊಳಗೆ ಯಾವ ಗಿಡ ಎಲ್ಲಿ ಎಂಬುದನ್ನು ಡಾರ್ವಿನ್ ಚೀಟಿಯಿಂದ ನಿರ್ಧರಿಸಿದ್ದರೆ ಆ ಲೆಕ್ಕಕ್ಕೆ ಪೂರ್ಣ ಆಧಾರ ಇರುತ್ತಿತ್ತು.

ಚೀಟಿಯೇ ಕೆಟ್ಟದಾಗಿ ಬಿದ್ದರೆ? ಎಲ್ಲ ಬ್ಲಾಕಿನಲ್ಲೂ ಹೊಸ ಮದ್ದು ತೋಡಿನ ಕಡೆಗೇ ಬಂದರೆ? ಇದೇ ವಿಷಯದಲ್ಲಿ ಫಿಶರ್ ಮತ್ತು ಗಾಸೆಟ್, ಸ್ನೇಹಿತರಾಗಿದ್ದೂ, ಕೊನೆಯವರೆಗೆ ಒಂದಾಗಲಿಲ್ಲ. ಅನುಭವಸ್ಥರು ಜಾಣ್ಮೆಯಿಂದ ಸರಿದೂಗಿಸಿದ ಹಂಚಿಕೆ ಚೀಟಿಗಿಂತ ನಿಖರವಾದದ್ದು ಎಂದು 1937ರಲ್ಲಿ ತೀರಿಕೊಳ್ಳುವವರೆಗೂ ಗಾಸೆಟ್ ವಾದಿಸಿದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ತೋಡಿನ ಕಡೆಗೆ ಬಿದ್ದದ್ದು ನಮ್ಮ ಮನಸ್ಸಿಗೆ ಚುಚ್ಚುತ್ತದೆಯೆಂದರೆ, ತೋಡಿನಿಂದ ದೂರವೆಷ್ಟು ಎಂಬುದು ಮುಖ್ಯವೆಂದು ನಮಗೆ ಮೊದಲೇ ಗೊತ್ತಿತ್ತು ಎಂದಾಯಿತು. ಹಾಗಿದ್ದರೆ ಬ್ಲಾಕಿನ ಗಡಿ ಹಾಕುವಾಗಲೇ ಅದನ್ನು ನೋಡಿಕೊಳ್ಳಬೇಕಿತ್ತು. ಚೀಟಿ ಎತ್ತಿದ ಮೇಲೆ ನೆನಪಾದ ಜಾಣ್ಮೆಯನ್ನು ಒಳಗೆ ಬಿಟ್ಟರೆ ಲ್ಯಾನರ್ಕ್‌ಶೈರಿನ ದಾರಿಯೇ ಗತಿ.

ನಮ್ಮ ನೆಲದಲ್ಲಿ ನಿಜವಾದ ತೊಡಕು ಬರುವುದು ತೆಂಗಿನಲ್ಲಿ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ತೆರೆಯಿತು. ಇಂದಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅದರ ಮುಂದುವರಿಕೆ. ಮರದಿಂದ ಮರಕ್ಕೆ 7.5 ಮೀಟರ್ ಬಿಟ್ಟು ಏಳು ತಳಿಗಳನ್ನು ತಲಾ ಆರು ಮರದಂತೆ ಒಂದೇ ಬ್ಲಾಕಿನಲ್ಲಿ ನೆಟ್ಟರೆ ಅರ್ಧ ಎಕರೆಗೂ ಹೆಚ್ಚು ಜಾಗ ಬೇಕು. ಗುಡ್ಡೆ-ತೋಡುಗಳ ಈ ನಾಡಿನಲ್ಲಿ ಅರ್ಧ ಎಕರೆ ಒಂದೇ ಬಗೆಯ ನೆಲ ಸಿಗುವುದೆಂದರೆ ಪುಣ್ಯ. ಬ್ಲಾಕು ದೊಡ್ಡದಾದಂತೆ ಅದರೊಳಗೇ ಇಳಿಜಾರು ನುಗ್ಗುತ್ತದೆ. ಇದಕ್ಕೆ ಫಿಶರ್ ಅವರ ಸಹೋದ್ಯೋಗಿ ಫ್ರಾಂಕ್ ಯೇಟ್ಸ್ 1936ರಲ್ಲಿ ಅಪೂರ್ಣ ಬ್ಲಾಕುಗಳ, ಅಂದರೆ ಒಂದೊಂದರಲ್ಲಿ ಕೆಲವೇ ತಳಿಗಳಿರುವ ಬ್ಲಾಕುಗಳ, ಉಪಾಯ ಹೂಡಿದರು. ಕಲ್ಕತ್ತೆಯಲ್ಲಿ ಮಹಾಲನೋಬಿಸರ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದ ಆರ್. ಸಿ. ಬೋಸ್ 1939ರಲ್ಲಿ ಅಂಥ ವಿನ್ಯಾಸಗಳನ್ನು ಕಟ್ಟುವ ಗಣಿತವನ್ನು ಬೆಳೆಸಿದರು. ಏಳು ತಳಿಗಳನ್ನೂ ಒಂದೇ ಕಡೆ ತುರುಕದೆ ಮೂರು ಮೂರು ತಳಿಗಳ ಏಳು ಚಿಕ್ಕ ಬ್ಲಾಕುಗಳನ್ನು ಮಾಡಿದರೆ, ಯಾವ ಎರಡು ತಳಿಗಳನ್ನು ತೆಗೆದುಕೊಂಡರೂ ಅವು ಒಂದೇ ಒಂದು ಬ್ಲಾಕಿನಲ್ಲಿ ಅಕ್ಕಪಕ್ಕ ಬರುವಂತೆ ಹೊಂದಿಸಬಹುದು. ತಳಿಗಳಿಗೆ ಒಂದರಿಂದ ಏಳರವರೆಗೆ ಸಂಖ್ಯೆ ಕೊಟ್ಟು ಬ್ಲಾಕುಗಳನ್ನು 1-2-4, 2-3-5, 3-4-6, 4-5-7, 5-6-1, 6-7-2, 7-1-3 ಎಂದು ಬರೆದು ಓದುಗರೇ ಪರೀಕ್ಷಿಸಬಹುದು. ಕಾಗದದ ಮೇಲೆ ಆಟದಂತಿರುವ ಈ ಜೋಡಣೆ ನೆಟ್ಟು ಹಲವು ವರ್ಷ ಕಾಯಬೇಕಾದ ಬೆಳೆಯಲ್ಲಿ ನೆಲವನ್ನೂ ಕಾಲವನ್ನೂ ಉಳಿಸುತ್ತದೆ.

ಮಾವ ಈ ವರ್ಷ ಮತ್ತೆ ಪರೀಕ್ಷೆಗೆ ಹೊರಟಿದ್ದಾರೆ. ಮೂರು ತಟ್ಟುಗಳನ್ನೂ ಎರಡೆರಡು ಮಾಡಿ ಆರು ಬ್ಲಾಕು, ಒಂದೊಂದರಲ್ಲಿ ಹತ್ತು ಹತ್ತು ಮರಗಳ ಎರಡು ತುಂಡು, ಒಂದರ ಮದ್ದು ಇನ್ನೊಂದಕ್ಕೆ ಹಾರಿದರೂ ಲೆಕ್ಕ ಕೆಡದಂತೆ ನಡುವೆ ಎಣಿಸದೆ ಬಿಡುವ ಒಂದು ಸಾಲು. ಮರ ಹತ್ತುವವನಿಗೆ ಇದು ಸುತರಾಂ ಇಷ್ಟವಿಲ್ಲ; ಒಂದೊಂದು ಬ್ಲಾಕಿನಲ್ಲೂ ಪಂಪನ್ನೂ ಪೈಪನ್ನೂ ತೊಳೆದು ಮದ್ದು ಬದಲಿಸುವ ರಗಳೆ ಅವನದ್ದು. ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಜಗಲಿಯಲ್ಲಿ ಕೂತು ಎತ್ತಿದೆವು. ನಾಲ್ಕನೆಯ ಬ್ಲಾಕಿನಲ್ಲಿ, ಮಾವನ ಅಚ್ಚುಮೆಚ್ಚಿನ, ಒಳ್ಳೆಯ ಗೊನೆ ಹಿಡಿದ ಕಣಿಯ ಬದಿಯ ಹತ್ತು ಮರಗಳಿಗೆ ಹೊಸ ಮದ್ದು ಬಂತು. ಮಾವ ಚೀಟಿಯನ್ನು ಒಂದು ಗಳಿಗೆ ನೋಡಿ, “ಇದೊಂದನ್ನು ಅತ್ತಿತ್ತ ಮಾಡಿದರೆ ಏನು ಮುಳುಗುತ್ತದೆ?” ಎಂದು ಮತ್ತೆ ಡಬ್ಬಿಗೆ ಹಾಕಲು ಕೈ ಚಾಚಿದರು. ಅತ್ತೆ ಡಬ್ಬಿಗೆ ಮುಚ್ಚಳ ಹಾಕಿ ಒಳಗೆ ಕೊಂಡುಹೋದರು.