ಬೆಟ್ಟದಲ್ಲಿ ಒಮ್ಮೆ ಸುಟ್ಟ ವಾಸನೆ ಬಂದರೆ ಕ್ಲಚ್ ಹೋಯಿತೆಂದು ಅರ್ಥವೇ?

ಪ್ರಶ್ನೆ: ನಮ್ಮದು ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಭಾನುವಾರ ನೆಂಟರನ್ನು ಕೂರಿಸಿಕೊಂಡು ಮುಳ್ಳಯ್ಯನಗಿರಿಗೆ ಹೊರಟಿದ್ದೆವು. ಕೈಮರ ದಾಟಿ ಮೇಲೆ ಹೋದಂತೆ ವಾಹನಗಳ ಸಾಲು. ಏರಿನಲ್ಲಿ ನಿಂತು ನಿಂತು ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಬಿಟ್ಟು ಹೊರಟೆವು, ಈಗ ಸರಿಯಾಗಿಯೇ ಓಡುತ್ತಿದೆ. ಗ್ಯಾರೇಜಿನಲ್ಲಿ ಮಾತ್ರ ಕ್ಲಚ್ ಸೆಟ್ ಪೂರ್ತಿ ಬದಲಿಸಬೇಕು ಎನ್ನುತ್ತಾರೆ. ನಿಜವಾಗಿಯೂ ಹೋಗಿದೆಯೇ? ಹೋಗಿದ್ದರೂ ಪ್ಲೇಟ್ ಒಂದನ್ನೇ ಹಾಕಿಸಿದರೆ ಸಾಲದೇ? ಮುಂದಿನ ವಾರ ಧರ್ಮಸ್ಥಳಕ್ಕೆ ಹೋಗುವುದಿದೆ.
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ವಾಸನೆ ಒಂದನ್ನೇ ನಂಬಿ ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲು ಒಪ್ಪಬೇಡಿ. ಮೊದಲು ಪರೀಕ್ಷೆ ಮಾಡಿ ನೋಡಿ. ಅದಕ್ಕೆ ಗ್ಯಾರೇಜು ಬೇಕಿಲ್ಲ, ಹತ್ತು ನಿಮಿಷ ಸಾಕು.

ಇಂಜಿನ್ನಿನ ತುದಿಯಲ್ಲಿ ತಿರುಗುವ ಫ್ಲೈವೀಲ್, ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದ ಪ್ರೆಶರ್ ಪ್ಲೇಟ್, ಇವೆರಡರ ನಡುವೆ ಎರಡೂ ಮುಖಕ್ಕೆ ಲೈನಿಂಗ್ (ಉಜ್ಜಿ ಹಿಡಿತ ಕೊಡುವ ಪದರ) ಇರುವ ಕ್ಲಚ್ ಪ್ಲೇಟ್. ಪೆಡಲಿನಿಂದ ಕಾಲು ತೆಗೆದಾಗ ಸ್ಪ್ರಿಂಗಿನ ಬಲಕ್ಕೆ ಪ್ಲೇಟು ಅದುಮಿ ಹಿಡಿದು, ಮೂರೂ ಒಂದೇ ವೇಗದಲ್ಲಿ ತಿರುಗುತ್ತವೆ. ಆಗ ಸವೆತವೇ ಇಲ್ಲ. ಸವೆಯುವುದು, ಬಿಸಿಯಾಗುವುದು ಎಲ್ಲವೂ ಪೆಡಲನ್ನು ಅರ್ಧ ಒತ್ತಿ ಹಿಡಿದಾಗ. ಆದ್ದರಿಂದಲೇ ಎಷ್ಟು ಕಿಲೋಮೀಟರಿಗೆ ಕ್ಲಚ್ ಬದಲಿಸಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕಡೂರು, ಅರಸೀಕೆರೆ ಕಡೆಗೇ ಹೆಚ್ಚು ಓಡುವ ಕಾರಿನಲ್ಲಿ ಒಂದು ಲಕ್ಷ ಕಿಲೋಮೀಟರ್ ದಾಟಿದ ಕ್ಲಚ್ಚು ಚೆನ್ನಾಗಿಯೇ ಇರುತ್ತದೆ. ದಿನಾ ಎಸ್ಟೇಟಿನ ಕಡಿದಾದ ದಾರಿಯಲ್ಲಿ ರಿವರ್ಸ್ ಹತ್ತಿಸುವ ಕಾರಿನಲ್ಲಿ ಅದರ ಅರ್ಧಕ್ಕೂ ಬಾರದೆ ಮುಗಿಯಬಹುದು.

ನಿಮಗೆ ಬಂದ ವಾಸನೆ ಲೈನಿಂಗ್ ಅತಿಯಾಗಿ ಬಿಸಿಯಾದದ್ದರದು. ಒಂದು ಸಲ ಹೀಗಾಗಿ, ತಣಿಯಲು ಸಮಯ ಸಿಕ್ಕರೆ, ಮೇಲ್ಪದರ ಸ್ವಲ್ಪ ಸುಟ್ಟು ಪ್ಲೇಟು ಮತ್ತೆ ಹಿಡಿತಕ್ಕೆ ಬರುವುದೇ ಹೆಚ್ಚು. ವಾಸನೆ ಬಂದ ಮೇಲೂ ಬಿಡದೆ ಹತ್ತಿಸಿದ್ದರೆ ಮುಖ ಗಾಜಿನಂತೆ ನುಣುಪಾಗಿ, ಲೈನಿಂಗ್ ದಪ್ಪವಾಗಿಯೇ ಉಳಿದರೂ ಹಿಡಿಯುವುದಿಲ್ಲ. ನೀವು ಪಕ್ಕಕ್ಕೆ ಹಾಕಿ ನಿಲ್ಲಿಸಿದ್ದು ಒಳ್ಳೆಯದಾಯಿತು.

ಈಗ ಪರೀಕ್ಷೆ. ಸವೆದ ಕ್ಲಚ್ಚು ಮೊದಲು ಜಾರುವುದು ಒಂದನೇ ಗೇರಿನಲ್ಲಲ್ಲ, ಮೇಲಿನ ಗೇರಿನಲ್ಲಿ. ಸಖರಾಯಪಟ್ಟಣದ ಕಡೆಗೆ ವಾಹನ ಸಂಚಾರ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ, ಸಣ್ಣ ಏರು ಸಿಕ್ಕರೆ ಇನ್ನೂ ಒಳ್ಳೆಯದು, ನಾಲ್ಕನೇ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ವೇಗಕ್ಕೆ ತನ್ನಿ. ಆಮೇಲೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಕ್ಲಚ್ಚು ಸರಿಯಿದ್ದರೆ ಇಂಜಿನ್ ಗೊಣಗುತ್ತಾ ನಿಧಾನಕ್ಕೆ ವೇಗ ಪಡೆಯುತ್ತದೆ. ಆರ್‌ಪಿಎಂ ಮುಳ್ಳೂ ವೇಗದ ಮುಳ್ಳೂ ಜೊತೆಯಾಗಿ ಏರುತ್ತವೆ. ಕ್ಲಚ್ಚು ಜಾರುತ್ತಿದ್ದರೆ ಇಂಜಿನ್ ಒಮ್ಮೆಲೇ ಕೂಗುತ್ತದೆ, ಆರ್‌ಪಿಎಂ ಜಿಗಿಯುತ್ತದೆ, ಗಾಡಿ ಮಾತ್ರ ಇದ್ದ ವೇಗದಲ್ಲೇ ಇರುತ್ತದೆ. ನಿಮ್ಮ ಕಾರಿಗೆ ಆರ್‌ಪಿಎಂ ಮೀಟರ್ ಇಲ್ಲದಿದ್ದರೆ ಕಿವಿ ಸಾಕು.

ಇನ್ನೊಂದು ವಿಧಾನ ನಿಂತಲ್ಲೇ ಮಾಡುವುದು. ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು, ನಾಲ್ಕನೇ ಗೇರಿಗೆ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಇಂಜಿನ್ ನಡುಗಿ ನಿಂತುಹೋಗಬೇಕು. ಪೆಡಲ್ ಪೂರ್ತಿ ಬಿಟ್ಟರೂ ಇಂಜಿನ್ ಓಡುತ್ತಲೇ ಇದ್ದರೆ ಅನುಮಾನವೇ ಇಲ್ಲ, ಕ್ಲಚ್ಚು ಹಿಡಿಯುತ್ತಿಲ್ಲ. ಒಂದೇ ಸಲ ಸಾಕು. ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯೇ ಕ್ಲಚ್ಚನ್ನು ಸುಡುತ್ತದೆ. ಇದು ತೀರಾ ಸವೆದದ್ದನ್ನು ಮಾತ್ರ ಹಿಡಿಯುತ್ತದೆ ಎಂಬುದೂ ನೆನಪಿರಲಿ. ನನ್ನ ನಂಬಿಕೆ ರಸ್ತೆಯ ಪರೀಕ್ಷೆಯ ಮೇಲೆಯೇ.

ಅದರಲ್ಲಿ ಪಾಸಾದರೆ ಧರ್ಮಸ್ಥಳಕ್ಕೆ ಹೋಗಿಬನ್ನಿ. ಫೇಲಾದರೆ ಬೇಡ. ಚಾರ್ಮಾಡಿ ಇಳಿಯುವಾಗ ಏನೂ ಗೊತ್ತಾಗುವುದಿಲ್ಲ, ಕಷ್ಟವಿರುವುದು ವಾಪಸು ಹತ್ತುವಾಗ. ತುಂಬಿದ ಕಾರು, ಸಾಲಾಗಿ ತಿರುವು, ಮುಂದೊಂದು ಲಾರಿ. ಕೊಟ್ಟಿಗೆಹಾರ ಮುಟ್ಟುವ ಮೊದಲೇ ಗಾಡಿ ಎಳೆಯುವುದನ್ನು ನಿಲ್ಲಿಸಿದರೆ ಟೋಯಿಂಗ್ ಖರ್ಚು ಬೇರೆ.

ಜಾರುತ್ತಿದೆ ಎಂದು ಖಚಿತವಾದರೂ ಒಂದು ಅಗ್ಗದ ಸಾಧ್ಯತೆಯನ್ನು ಮೊದಲು ನೋಡಿಸಿ. ಕೇಬಲ್ ಇರುವ ಕ್ಲಚ್ಚಾದರೆ ಪೆಡಲನ್ನು ಕೈಯಲ್ಲಿ ಮೆಲ್ಲಗೆ ಒತ್ತಿ. ಬಿಗಿಯಾಗುವ ಮೊದಲು ಸ್ವಲ್ಪ ದೂರ ಸಡಿಲವಾಗಿ ಹೋಗಬೇಕು. ಎಷ್ಟು ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಪ್ಲೇಟು ಸವೆದಂತೆ ಈ ಸಡಿಲ ಕಡಿಮೆಯಾಗುತ್ತಾ ಬರುತ್ತದೆ. ಅದು ಪೂರ್ತಿ ಹೋಗಿದ್ದರೆ ನೀವು ಒತ್ತದಿದ್ದರೂ ಕ್ಲಚ್ಚು ಸದಾ ಕೊಂಚ ಒತ್ತಿದಂತೆಯೇ ಇದ್ದು ಜಾರುತ್ತದೆ. ಕೇಬಲಿನ ನಟ್ಟು ತಿರುಗಿಸುವುದಷ್ಟೇ ಇದರ ರಿಪೇರಿ. ಗೇರ್ ಬೀಳುವುದು ಕಷ್ಟ, ರಿವರ್ಸ್ ಹಾಕುವಾಗ ಕರ್ರೆನ್ನುತ್ತದೆ ಎಂಬ ದೂರು ಇದಕ್ಕೆ ತದ್ವಿರುದ್ಧ: ಅಲ್ಲಿ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ. ಹಿಗ್ಗಿದ ಕೇಬಲ್, ಅಥವಾ ಕೇಬಲಿನ ಬದಲು ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ಚಾದರೆ ಸೋರುವ ಸಿಲಿಂಡರ್, ಪೈಪಿನಲ್ಲಿ ಸೇರಿದ ಗಾಳಿ, ಇವನ್ನು ನೋಡದೆ ಗೇರ್‌ಬಾಕ್ಸಿಗೆ ಕೈ ಹಾಕಬಾರದು.

ಇನ್ನು ಪ್ಲೇಟ್ ಒಂದೇ ಸಾಲದೇ ಎಂಬ ಪ್ರಶ್ನೆ. ಇಲ್ಲಿ ನಾನು ಗ್ಯಾರೇಜಿನವರ ಪಕ್ಷ. ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು, ಅದಕ್ಕೆ ಆಕ್ಸೆಲ್ ಬಿಚ್ಚಬೇಕು. ಒಂದು ಭಾಗ ಹಾಕಿದರೂ ಮೂರು ಹಾಕಿದರೂ ಈ ಕೆಲಸ, ಈ ಕೂಲಿ ಅಷ್ಟೇ. ಹಳೆಯ ಪ್ರೆಶರ್ ಪ್ಲೇಟಿನ ಸ್ಪ್ರಿಂಗು ಬಿಸಿ ತಿಂದು ಸೊರಗಿರುತ್ತದೆ. ಪೆಡಲ್ ಒತ್ತಿದಾಗ ಆ ಸ್ಪ್ರಿಂಗನ್ನು ತಳ್ಳುವ ಹಳೆಯ ರಿಲೀಸ್ ಬೇರಿಂಗು ಆರು ತಿಂಗಳಲ್ಲಿ ಕೂಗತೊಡಗಿದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು, ಮತ್ತೆ ಅಷ್ಟೇ ಕೂಲಿ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಸೇರಿದ ಸೆಟ್ಟನ್ನೇ ಹಾಕಿಸಿ. ಕಾರು ಕಂಪನಿಯದೇ ಆಗಬೇಕೆಂದಿಲ್ಲ. ವ್ಯಾಲಿಯೋ, ಲುಕ್, ಎಕ್ಸೆಡಿಯಂಥ ಕಂಪನಿಗಳದ್ದೂ ಆಗುತ್ತದೆ, ಬಿಲ್ ಮಾತ್ರ ಕೇಳಿ ಪಡೆಯಿರಿ. ಹಳೆಯ ಪ್ಲೇಟಿಗೆ ಹೊಸ ಲೈನಿಂಗ್ ಹೊಡೆಸುವ ಪದ್ಧತಿ ಜೀಪು, ಟ್ರ್ಯಾಕ್ಟರುಗಳಲ್ಲಿ ಹಿಂದಿನಿಂದ ಇದೆ. ಕಾರಿಗೆ ನಾನು ಅದನ್ನು ಹೇಳುವುದಿಲ್ಲ. ಪ್ಲೇಟಿನ ನಡುವಿನ ಸ್ಪ್ರಿಂಗುಗಳು ಸಡಿಲಾಗಿದ್ದರೆ ಲೈನಿಂಗ್ ಹೊಸದಾದರೂ ಹೊರಡುವಾಗ ಗಾಡಿ ನಡುಗುತ್ತದೆ.

ಗೇರ್‌ಬಾಕ್ಸ್ ಇಳಿದ ದಿನ ಸಾಧ್ಯವಾದರೆ ಗ್ಯಾರೇಜಿನಲ್ಲೇ ಇರಿ, ಹಳೆಯ ಪ್ಲೇಟನ್ನು ಕೈಗೆ ತೆಗೆದುಕೊಂಡು ನೋಡಿ. ಲೈನಿಂಗಿನ ರಿವೆಟ್ಟುಗಳ ತಲೆ ಗುಳಿಯಲ್ಲಿ ಸ್ಪಷ್ಟವಾಗಿ ಕೆಳಗಿದ್ದರೆ ಪ್ಲೇಟಿಗೆ ಇನ್ನೂ ಆಯುಷ್ಯವಿತ್ತು. ಮೇಲ್ಮೈಗೆ ಸಮನಾಗಿ ಬಂದಿದ್ದರೆ ಪೂರ್ತಿ ಸವೆದಿದೆ. ಫ್ಲೈವೀಲಿನ ಮೇಲೆ ನೀಲಿ ಕಲೆಗಳಿದ್ದರೆ ಅತಿ ಬಿಸಿಯ ಗುರುತು, ಗೀರು ಬಿದ್ದಿದ್ದರೆ ರಿವೆಟ್ ತಾಗಿದೆ ಎಂದರ್ಥ. ಕಾರಿನ ಕಂಪನಿ ಅನುಮತಿಸುವ ಅಳತೆಯೊಳಗೆ ಲೇತಿನಲ್ಲಿ ಮುಖ ಹೊಡೆಸಬಹುದು. ಕೆಲವು ಡೀಸೆಲ್ ಕಾರುಗಳಲ್ಲಿರುವ ಡ್ಯುಯಲ್ ಮಾಸ್ (ನಡುವೆ ಸ್ಪ್ರಿಂಗುಗಳಿರುವ ಎರಡು ಭಾಗಗಳ) ಫ್ಲೈವೀಲನ್ನು ಹಾಗೆ ಲೇತಿಗೆ ಕೊಡುವಂತಿಲ್ಲ, ಅದು ಬೇರೆಯೇ ಖರ್ಚು. ಪ್ಲೇಟಿನ ಮೇಲೆ ಎಣ್ಣೆ ಕಂಡರೆ ಅಲ್ಲೇ ಕೆಲಸ ನಿಲ್ಲಿಸಿ. ಇಂಜಿನ್ನಿನದೋ ಗೇರ್‌ಬಾಕ್ಸಿನದೋ ಆಯಿಲ್ ಸೀಲ್ ಸೋರುತ್ತಿದೆ. ಅದನ್ನು ಬದಲಿಸದೆ ಹೊಸ ಸೆಟ್ ಕೂರಿಸಿದರೆ ಅದೂ ಎಣ್ಣೆ ಕುಡಿದು ಜಾರುತ್ತದೆ. ಅಲ್ಲಿನ ಕಪ್ಪು ಧೂಳನ್ನು ಗಾಳಿಯ ಪೈಪಿನಿಂದ ಊದಲು ಬಿಡಬೇಡಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಮೆಕ್ಯಾನಿಕ್ಕಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರಾಯಿತು.

ಮುಳ್ಳಯ್ಯನಗಿರಿಯ ಸಾಲಿಗೆ ಬರೋಣ. ಏರಿನಲ್ಲಿ ನಿಂತಾಗ ಕಾರು ಹಿಂದೆ ಜಾರದಂತೆ ಹಾಫ್ ಕ್ಲಚ್ಚಿನಲ್ಲಿ ತಡೆದು ಹಿಡಿಯುವುದು ನಮ್ಮಲ್ಲಿ ಎಷ್ಟೋ ಚಾಲಕರು ಹೆಮ್ಮೆಯಿಂದ ತೋರಿಸುವ ಕಸುಬು. ಪ್ಲೇಟನ್ನು ಅದಕ್ಕಿಂತ ಬೇಗ ಮುಗಿಸುವ ದಾರಿ ಇನ್ನೊಂದಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿ ನಿಲ್ಲಿ. ಮುಂದಿನ ಕಾರು ಒಂದೊಂದೇ ಅಡಿ ಸರಿದಾಗಲೆಲ್ಲ ನೀವೂ ಸರಿಯಬೇಕಿಲ್ಲ. ನಾಲ್ಕು ಕಾರಿನಷ್ಟು ಜಾಗ ಆದ ಮೇಲೆ ಒಂದೇ ಸಲಕ್ಕೆ ಹೋಗಿ, ಹಿಂದಿನವರು ಹಾರ್ನ್ ಹಾಕಿದರೆ ಹಾಕಲಿ. ಕಿರಿದಾದ ಜಾಗದಲ್ಲಿ ಎದುರಿನಿಂದ ಇಳಿಯುವವರು ನಿಮ್ಮನ್ನೇ ಹಿಂದೆ ಹೋಗಿ ಎಂದರೆ ಒಪ್ಪಬೇಕಾಗಿಲ್ಲ. ಕಡಿದಾದ ರಸ್ತೆಯಲ್ಲಿ ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಬಿಡಬೇಕು ಎಂಬುದು ರಸ್ತೆ ನಿಯಮದಲ್ಲೇ ಇದೆ. ಹಿಂದೆ ಸರಿದ ಮೇಲೆ ಅದೇ ಏರನ್ನು ಮತ್ತೆ ಹಾಫ್ ಕ್ಲಚ್ಚಿನಲ್ಲಿ ಹತ್ತಬೇಕಾದವರು ನೀವು.

ಹೊಸ ಸೆಟ್ ಹಾಕಿಸುವಂತಾದರೆ ಮೊದಲ ಕೆಲವು ನೂರು ಕಿಲೋಮೀಟರ್ ಊರೊಳಗೆ, ಬಯಲುಸೀಮೆಯ ಕಡೆ ನಿಧಾನವಾಗಿ ಓಡಿಸಿ. ಹೊಸ ಲೈನಿಂಗಿನ ಮುಖ ಫ್ಲೈವೀಲಿಗೆ ಹೊಂದಿಕೊಳ್ಳಲು ಅಷ್ಟು ಬೇಕು. ಪೆಡಲ್ ಮೊದಲಿಗಿಂತ ಹಗುರವಾಗಿರುತ್ತದೆ, ಕಚ್ಚುವ ಜಾಗವೂ ಕೆಳಗೆ ಬಂದಿರುತ್ತದೆ. ಒಂದೆರಡು ದಿನ ಇಂಜಿನ್ ಆಫ್ ಆಗುತ್ತಿದ್ದರೆ ಅದು ಕೆಲಸದ ದೋಷವಲ್ಲ, ಹಳೆಯ ಪೆಡಲಿಗೆ ಒಗ್ಗಿದ ಕಾಲಿನದು.