ರೊಬಸ್ಟ್‌ನೆಸ್ ವೇರಿಯಬಲ್: ಮಲ್ಟಿಕಾಸ್ಟ್ ಹಾಜರಿಯ ತಾಳಿಕೆಯ ಸಂಖ್ಯೆ

ಮಲ್ಟಿಕಾಸ್ಟ್‌ನಲ್ಲಿ, ಅಂದರೆ ಜಾಲದಲ್ಲಿ ಒಂದನ್ನೇ ಹಲವರಿಗೆ ಕಳುಹಿಸುವ ವಿಧಾನದಲ್ಲಿ, ಟಿವಿ ವಾಹಿನಿಯ ಒಂದೇ ಪ್ರತಿ ಹೊರಡುತ್ತದೆ. ನೋಡುವವರು ಯಾವ ಕವಲಿನಲ್ಲಿದ್ದಾರೋ ಆ ಕವಲಿಗೆ ಮಾತ್ರ ರೂಟರ್ ಅದನ್ನು ಹರಿಸುತ್ತದೆ. ನೋಡುವವರು ಇನ್ನೂ ಇದ್ದಾರೆಯೇ ಎಂದು ತಿಳಿಯಲು ಅದು ಶಾಲೆಯ ಮೇಷ್ಟ್ರಂತೆ ಹಾಜರಿ ಕರೆಯುತ್ತದೆ. ಸಾಮಾನ್ಯವಾಗಿ 125 ಸೆಕೆಂಡಿಗೊಮ್ಮೆ ಪ್ರಶ್ನೆ, 10 ಸೆಕೆಂಡಿನೊಳಗೆ ಉತ್ತರ. ಈ ಹಾಜರಿಯ ನಿಯಮಾವಳಿಗೆ ಐಜಿಎಂಪಿ ಎಂದು ಹೆಸರು. ಅಂತರ್ಜಾಲ ವಿಳಾಸಗಳ ಹೊಸ ವ್ಯವಸ್ಥೆಯಾದ ಐಪಿವಿ6ರಲ್ಲಿ ಇದೇ ಕೆಲಸವನ್ನು ಎಂಎಲ್‌ಡಿ ಮಾಡುತ್ತದೆ.

ಆದರೆ ‘ಹಾಜರ್’ ಎಂದದ್ದು ತಲುಪಿತೋ ಇಲ್ಲವೋ ಎಂದು ಹೇಳುವವರಿಲ್ಲ. ಕಳುಹಿಸಿದ್ದು ತಲುಪಿತೆಂದು ಖಚಿತಪಡಿಸಿಕೊಳ್ಳುವ ಟಿಸಿಪಿ ನಿಯಮಾವಳಿಯಲ್ಲಿರುವಂಥ ರಸೀದಿ ಇಲ್ಲಿಲ್ಲ. ವೈಫೈನಲ್ಲಿ ಇನ್ನೂ ಕಷ್ಟ: ಎಲ್ಲರಿಗೂ ಒಟ್ಟಿಗೆ ಹೋಗುವ ಪ್ರಶ್ನೆ ಗಾಳಿಯಲ್ಲೇ ಕಳೆದುಹೋದರೂ ಅದು ಕಳುಹಿಸಿದವರಿಗೆ ತಿಳಿಯುವುದಿಲ್ಲ. ಹೀಗಾಗಿ ಕಳೆಯುವುದು ಸಹಜವೆಂದೇ ಒಪ್ಪಿಕೊಂಡು ಒಂದು ಸಂಖ್ಯೆಯನ್ನು ಇಟ್ಟಿದ್ದಾರೆ. ಅದೇ ರೊಬಸ್ಟ್‌ನೆಸ್ ವೇರಿಯಬಲ್. ಅದು ಎಷ್ಟಿದೆಯೋ ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯ ಪ್ಯಾಕೆಟ್‌ಗಳು (ಜಾಲದಲ್ಲಿ ಸಾಗುವ ಮಾಹಿತಿಯ ಪೊಟ್ಟಣಗಳು) ಕಳೆದರೂ ಸದಸ್ಯತ್ವ ಉಳಿಯುತ್ತದೆ. ರೂಢಿಯ ಮೌಲ್ಯ 2. ಸೊನ್ನೆಗೆ ಅವಕಾಶವಿಲ್ಲ, 1 ಇಡಬಾರದು. ಐಜಿಎಂಪಿಯ 2002ರ ಮೂರನೆಯ ಆವೃತ್ತಿಯಲ್ಲಿ ರೂಟರ್ ಈ ಸಂಖ್ಯೆಯನ್ನು ಪ್ರಶ್ನೆಯೊಳಗೇ ಬರೆದು ಕಳುಹಿಸುತ್ತದೆ. ಅದಕ್ಕಿರುವ ಜಾಗ ಮೂರೇ ಬಿಟ್ ಆದ್ದರಿಂದ 7ರವರೆಗೆ ಮಾತ್ರ ಬರೆಯಬಹುದು.

ಉತ್ತರ ಬಾರದಿದ್ದರೆ ಹರಿವು ನಿಲ್ಲಿಸುವ ಮುನ್ನ ರೂಟರ್ ಎಷ್ಟು ಹೊತ್ತು ಕಾಯಬೇಕೆಂಬುದೂ ಇದರಿಂದಲೇ ಹುಟ್ಟುತ್ತದೆ: 2 × 125 + 10, ಅಂದರೆ 260 ಸೆಕೆಂಡು. 3 ಮಾಡಿದರೆ 385. ಹತ್ತರಲ್ಲಿ ಒಂದು ಪ್ಯಾಕೆಟ್ ಅಲ್ಲೊಂದು ಇಲ್ಲೊಂದಾಗಿ ಕಳೆಯುವ ಜಾಲದಲ್ಲಿ ವಾಹಿನಿ ನೋಡುವವರ ಗುಂಪು ಸೇರುವ, ಈ ಸಂಖ್ಯೆಯಷ್ಟೇ ಸಲ ಹೊರಡುವ ಸೂಚನೆಯ ಎರಡೂ ಪ್ರತಿಗಳು ಕಳೆಯುವ ಸಾಧ್ಯತೆ ನೂರಕ್ಕೆ ಒಂದು. ಮೂರೂ ಕಳೆಯುವುದು ಸಾವಿರಕ್ಕೆ ಒಂದು. ಒಂದಂಕಿ ಏರಿಸಿದ್ದಕ್ಕೆ ಇಷ್ಟು ಲಾಭ. ಆದರೆ ಸಂಪರ್ಕವೇ ಕೆಲವು ಸೆಕೆಂಡು ಸತ್ತರೆ ಹಿಂದೆಹಿಂದೆಯೇ ಹೊರಟ ಪ್ರತಿಗಳೆಲ್ಲ ಒಟ್ಟಿಗೇ ಹೋಗುತ್ತವೆ; ಆಗ ಈ ಲೆಕ್ಕ ನಿಲ್ಲುವುದಿಲ್ಲ.

ಏರಿಸಿದ್ದಕ್ಕೆ ಬೆಲೆಯೂ ಇದೆ. ವಾಹಿನಿ ಬದಲಿಸಿದಾಗ ‘ಹಳೆಯದನ್ನು ಇನ್ನಾರಾದರೂ ನೋಡುತ್ತಿದ್ದೀರಾ?’ ಎಂದು ರೂಟರ್ ಸೆಕೆಂಡಿಗೊಮ್ಮೆ ಈ ಸಂಖ್ಯೆಯಷ್ಟೇ ಸಲ ಕೇಳುತ್ತದೆ. 2 ಇದ್ದರೆ ಎರಡು ಸೆಕೆಂಡು, 4 ಇದ್ದರೆ ನಾಲ್ಕು. ಅಷ್ಟೂ ಹೊತ್ತು ಹಳೆಯ ವಾಹಿನಿ ಮತ್ತು ಹೊಸದು ಎರಡೂ ಒಂದೇ ತಂತಿಯಲ್ಲಿ ಹರಿಯುತ್ತವೆ. ತಂತಿ ಕಿರಿದಾಗಿದ್ದರೆ ಚಿತ್ರ ಚೂರುಚೂರಾಗುತ್ತದೆ. ನಷ್ಟ ತಡೆಯಲು ಹೋಗಿ ನಷ್ಟವನ್ನೇ ತಂದುಕೊಂಡಂತೆ! ಆದ್ದರಿಂದ 3ಕ್ಕಿಂತ ಮೇಲೆ ಹೋಗುವ ಮೊದಲು ಎರಡು ಸಲ ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ. ಚಿತ್ರದ ಪ್ಯಾಕೆಟ್‌ಗಳೇ ಕಳೆಯುತ್ತಿದ್ದರೆ ಈ ಸಂಖ್ಯೆ ಅವನ್ನು ಮರಳಿ ತರುವುದೂ ಇಲ್ಲ. ಅದು ಕಾಯುವುದು ಹಾಜರಿಯನ್ನು ಮಾತ್ರ.

ಇನ್ನೊಂದು ಲಕ್ಷಣವನ್ನು ಗುರುತಿಟ್ಟುಕೊಳ್ಳಿ. ಚಿತ್ರ ಚೆನ್ನಾಗಿಯೇ ಬಂದು, ಪ್ರತಿ ಸಲವೂ ಸರಿಸುಮಾರು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ನಿಂತರೆ ಅದು ಅದೇ 260 ಸೆಕೆಂಡು. ಅಲ್ಲಿ ಪ್ಯಾಕೆಟ್ ಕಳೆದಿರುವುದಕ್ಕಿಂತ ಹಾಜರಿ ಕರೆಯುವವರೇ ಇಲ್ಲದಿರುವ ಸಂಭವ ಹೆಚ್ಚು. ಸಂಖ್ಯೆಯನ್ನು 3 ಮಾಡಿದರೆ ಚಿತ್ರ ಆರೂವರೆ ನಿಮಿಷದ ಹೊತ್ತಿಗೆ ನಿಲ್ಲುತ್ತದೆ, ಅಷ್ಟೇ. ಮೊದಲು ಸ್ವಿಚ್‌ನಲ್ಲಿ (ಜಾಲದ ತಂತಿಗಳನ್ನು ಕೂಡಿಸುವ ಪೆಟ್ಟಿಗೆ) ಕ್ವೆರಿಯರ್, ಅಂದರೆ ಹಾಜರಿ ಕರೆಯುವ ವ್ಯವಸ್ಥೆ, ಚಾಲೂ ಇದೆಯೇ ನೋಡಿ.