ಚಿಗಾಂಗ್: ಹಳೇ ವ್ಯಾಯಾಮ, ಸರ್ಕಾರಿ ಮುದ್ರೆ

ಚೀನಾದ ಚಿಗಾಂಗ್ ಐದು ಸಾವಿರ ವರ್ಷ ಹಳೆಯದು ಅಂತ ಕಲಿಸುವವರು ಮೊದಲ ದಿನವೇ ಹೇಳಿಬಿಡುತ್ತಾರೆ. ನಿಧಾನವಾಗಿ ಕೈ ಎತ್ತಿ ಇಳಿಸುವುದು, ಉಸಿರಿನ ಮೇಲೆ ಗಮನ, ಮೈಯಲ್ಲಿ 'ಚಿ' ಅನ್ನುವ ಶಕ್ತಿ ಹರಿಯುತ್ತದೆ ಎಂಬ ನಂಬಿಕೆ. ಬೇರು ಹಳೆಯದೇ, ಸುಳ್ಳಲ್ಲ. ಆದರೆ ಈಗ ಯೂಟ್ಯೂಬಿನಲ್ಲಿ ಕಾಣುವ ಚಿಗಾಂಗ್‌ಗೆ ಆಕಾರ ಕೊಟ್ಟಿದ್ದು 1950ರ ಆಸುಪಾಸಿನ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ.

ಹಳೇ ಸಾಕ್ಷಿಗಳಲ್ಲಿ ಸೊಗಸಾದದ್ದು ಚಾಂಗ್ಶಾ ನಗರದ ಮಾವಾಂಗ್‌ದುಯಿಯಲ್ಲಿ ಸಿಕ್ಕಿತು. ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು 1973ರಲ್ಲಿ ಅಗೆದಾಗ ರೇಷ್ಮೆಯ ಮೇಲೆ ಬರೆದ ಚಿತ್ರ ಹೊರಬಂತು. ನಾಲ್ಕು ಸಾಲು, 44 ಜನ. ಗಂಡಸರು, ಹೆಂಗಸರು, ಮುದುಕರು. ಒಬ್ಬರು ಬಗ್ಗಿದ್ದಾರೆ, ಇನ್ನೊಬ್ಬರು ಕೈ ಚಾಚಿದ್ದಾರೆ. ಕೆಲವರ ಪಕ್ಕ ಕರಡಿ, ಕೊಕ್ಕರೆ ಅಂತ ಪ್ರಾಣಿಗಳ ಹೆಸರು. ಇನ್ನೊಂದು ಕಡೆ ಮಂಡಿನೋವಿಗೆ ಅಂತ ಬರಹ. ಆಗಲೂ ಮಂಡಿನೋವು ಇತ್ತಲ್ವಾ!

ಆಮೇಲೆ ವೈದ್ಯ ಹುವಾ ತುವೊ ಹೆಸರಲ್ಲಿ ಐದು ಪ್ರಾಣಿಗಳ ಚಲನೆ ಅನುಕರಿಸುವ ಆಟ ಬಂತು, ಸೊಂಗ್ ಅರಸರ ಕಾಲಕ್ಕೆ ಎಂಟು ಚಲನೆಗಳ ಬಾದುವಾನ್‌ಜಿನ್ ಬಂತು. ದಕ್ಷಿಣ ಭಾರತದಿಂದ ಹೋದ ಬೌದ್ಧ ಭಿಕ್ಷು ಬೋಧಿಧರ್ಮನೇ ಇದನ್ನೆಲ್ಲ ಕಲಿಸಿದ ಅಂತ ನಮ್ಮ ಕಡೆ ಹೆಮ್ಮೆಪಡುವವರಿದ್ದಾರೆ. ಆದರೆ ಅವನ ಹೆಸರು ಹೊತ್ತ ವ್ಯಾಯಾಮದ ಪುಸ್ತಕ ಹುಟ್ಟಿದ್ದು 17ನೇ ಶತಮಾನದಲ್ಲಿ, ಅವನು ಹೋಗಿ ಸಾವಿರ ವರ್ಷ ಕಳೆದ ಮೇಲೆ.

ಇವೆಲ್ಲ ಬೇರೆ ಬೇರೆ ಗುರುಗಳ ಕೈಯಲ್ಲಿ ಚದುರಿಹೋಗಿದ್ದವು. ಒಟ್ಟು ಮಾಡಿದ್ದು ಲಿಯು ಗುಯಿಝೆನ್ ಎಂಬ ಹೆಬೈ ಪ್ರಾಂತ್ಯದ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತ. 1947ರಲ್ಲಿ ಹೊಟ್ಟೆಹುಣ್ಣಿನಿಂದ ಬಸವಳಿದು ಊರಿಗೆ ಮರಳಿದವನಿಗೆ ಅಲ್ಲಿನ ಬಂಧುವೊಬ್ಬರು ಉಸಿರಾಟದ ಸಾಧನೆ ಹೇಳಿಕೊಟ್ಟರು. ಹುಣ್ಣು ವಾಸಿಯಾಯಿತು ಅಂತ ಆತ ಮೇಲಿನವರಿಗೆ ವರದಿ ಕೊಟ್ಟ. ಅಂತರ್ಯುದ್ಧದ ಕಾಲ, ಔಷಧಿ ಇಲ್ಲ, ಡಾಕ್ಟರೂ ಇಲ್ಲ. ದುಡ್ಡಿಲ್ಲದ ಚಿಕಿತ್ಸೆ ಯಾರಿಗೆ ಬೇಡ? 1949ರಲ್ಲಿ ಅದಕ್ಕೆ ಚಿಗಾಂಗ್ ಎಂಬ ಹೆಸರು ಗಟ್ಟಿಯಾಯಿತು. ಮುಂದೆ ತಾಂಗ್ಶಾನ್, ಬೈದೈಹೆಗಳಲ್ಲಿ ಆರೋಗ್ಯಧಾಮಗಳೇ ಎದ್ದವು. ಸಾಧನೆಯಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುವ ಒಂದು ಮಂತ್ರವಿತ್ತು, ಚಿನ್ನದ ಡ್ರ್ಯಾಗನ್ನಿನ ಮಾತು ಬರುವಂಥದ್ದು. ಅದನ್ನು ತೆಗೆದು, ಒಳ್ಳೆಯ ಆರೋಗ್ಯಕ್ಕಾಗಿ ಕೂತಿದ್ದೇನೆ ಎಂಬ ಅರ್ಥದ ಸಪ್ಪೆ ವಾಕ್ಯ ಹಾಕಿದರು. ದೇವರು ಹೋದ, ಉಸಿರು ಉಳಿಯಿತು.

ಹಳೆಯದನ್ನೆಲ್ಲ ಅಳಿಸಲು ಮಾವೊ ನಡೆಸಿದ ಸಾಂಸ್ಕೃತಿಕ ಕ್ರಾಂತಿ ಬಂದಾಗ ಇದೇ ಸಾಧನೆ ಮೂಢನಂಬಿಕೆ ಅನ್ನಿಸಿಕೊಂಡಿತು, ಲಿಯು ಪಕ್ಷದಿಂದ ಹೊರಬಿದ್ದ. ಮತ್ತೆ ಚಿಗುರಿಸಿದ್ದು ಗುವೊ ಲಿನ್ ಎಂಬ ಚಿತ್ರಕಲಾವಿದೆ. ಕ್ಯಾನ್ಸರ್ ಆಗಿದ್ದ ಆಕೆ 1970ರ ದಶಕದ ಆರಂಭದಲ್ಲಿ ಬೀಜಿಂಗಿನ ಪಾರ್ಕುಗಳಲ್ಲಿ ಗುಂಪು ಗುಂಪಾಗಿ ಜನಕ್ಕೆ ಕಲಿಸತೊಡಗಿದಳು. ಪೊಲೀಸರ ಕಾಟ ತಪ್ಪಲಿಲ್ಲ. ಆದರೂ ಪಾರ್ಕಿನ ಚಿಗಾಂಗ್ ಅಲ್ಲಿಂದಲೇ ಹಬ್ಬಿತು.

1980ರ ದಶಕದಲ್ಲಿ ಅದಕ್ಕೆ ಹುಚ್ಚು ಹಿಡಿಯಿತು. ಕ್ಷಿಪಣಿ ವಿಜ್ಞಾನಿ ಚಿಯಾನ್ ಶ್ವೆಸೆನ್ ಬೆಂಬಲಕ್ಕೆ ನಿಂತರು. ಯಾನ್ ಶಿನ್ ಎಂಬ ಗುರು ಸಾವಿರಾರು ಜನರ ಸಭೆಗಳಲ್ಲಿ ಮಾತಾಡಿದರೆ ಕೂತವರು ಅಳುತ್ತಿದ್ದರು, ನಡುಗುತ್ತಿದ್ದರು. ದೂರದಿಂದಲೇ ನೀರಿನ ಅಣುಗಳನ್ನು ಬದಲಿಸುತ್ತೇನೆ ಎಂಬ ಮಾತೂ ಬಂತು. ಸರ್ಕಾರ ತಾನೇ ಬಾಗಿಲು ತೆರೆದಿಟ್ಟ ಮೇಲೆ ಗುರುಗಳನ್ನು ದೂರಿ ಏನು ಪ್ರಯೋಜನ?

1992ರಲ್ಲಿ ಲಿ ಹೊಂಗ್ಝಿ ಶುರು ಮಾಡಿದ ಫಾಲುನ್ ಗಾಂಗ್ ಅಂಥ ಗುಂಪುಗಳಲ್ಲೇ ಒಂದು. 1999ರ ಏಪ್ರಿಲ್ 25ರಂದು ಅದರ ಸುಮಾರು 10,000 ಜನ ಪಕ್ಷದ ನಾಯಕರ ನೆಲೆಯಾದ ಝೊಂಗ್‌ನಾನ್‌ಹಾಯ್ ಸುತ್ತ ಸದ್ದಿಲ್ಲದೆ ಪ್ರತಿಭಟನೆಗೆ ನಿಂತರು. ಜುಲೈನಲ್ಲಿ ನಿಷೇಧ ಬಂತು, ಬಂಧನಗಳು ಶುರುವಾದವು, ಬೇರೆ ಗುಂಪುಗಳೂ ಮುಚ್ಚಿದವು.

ಆದರೂ ಸರ್ಕಾರ ಚಿಗಾಂಗ್ ಬಿಡಲಿಲ್ಲ. ಕ್ರೀಡಾ ಇಲಾಖೆಯ ಕೈಕೆಳಗೆ ತಂದು, ಬಾದುವಾನ್‌ಜಿನ್ ಸೇರಿ ನಾಲ್ಕು ಬಗೆಗಳನ್ನು ಹೊಸದಾಗಿ ಹೊಂದಿಸಿ 2003ರಲ್ಲಿ ಹೊರತಂದಿತು. ಬಾದುವಾನ್‌ಜಿನ್ನಿನಲ್ಲಿ ಬೆರಳು ಹೆಣೆದು ಅಂಗೈಯನ್ನು ಆಕಾಶಕ್ಕೆ ತಳ್ಳುವುದರಿಂದ ಶುರು, ಹಿಮ್ಮಡಿ ಎತ್ತಿ ಏಳು ಸಲ ಕುಕ್ಕುವುದರಿಂದ ಮುಗಿತಾಯ. 2020ರಲ್ಲಿ ವುಹಾನಿನ ತಾತ್ಕಾಲಿಕ ಕೋವಿಡ್ ಆಸ್ಪತ್ರೆಗಳಲ್ಲಿ ರೋಗಿಗಳು ಮಾಡಿದ್ದೂ ಇದನ್ನೇ. ವಯಸ್ಸಾದವರ ಸಮತೋಲನಕ್ಕೆ, ನಿದ್ದೆಗೆ ಇಂಥ ವ್ಯಾಯಾಮದಿಂದ ಅನುಕೂಲ ಅಂತ ಸಣ್ಣಪುಟ್ಟ ಅಧ್ಯಯನಗಳು ಹೇಳುತ್ತವೆ. ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ, ಡಾಕ್ಟರ್ ಹತ್ತಿರ ಹೋಗಿ.